ಎಮ್ಮೆ ತಿಂದ ಮೊದಲ ದೋಸೆ

ಮಹಾಜನರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ: ಬಾಲ್ಯದಲ್ಲಿ ನಾನು ದೋಸೆಗಳ್ಳ.

ಇವತ್ತು ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿ ಗೇಟಿಗೆ ಬಂದ ಎಮ್ಮೆಯ ಮೇಲೆ ಕಾರ್ಯದರ್ಶಿ "ಹಟ್! ಗಲೀಜು!" ಎಂದು ಕೋಲೆತ್ತಿದಾಗ, ಆ ಸೆಗಣಿ ವಾಸನೆಗೆ ಎಲ್ಲ ನೆನಪಾಗಿ ಮೈ ಉರಿಯಿತು.

ಆಗ ನಾವಿದ್ದದ್ದು ಇದೇ ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಲ್ಲಿನ ಹುಡುಗರು ನನ್ನನ್ನು "ಮದ್ರಾಸಿ" ಎಂದು ಆಟಕ್ಕೇ ಸೇರಿಸುತ್ತಿರಲಿಲ್ಲ. ಅವರ ಮನೆಗಳ ಮೊದಲ ರೊಟ್ಟಿ ಹಸುವಿಗೆ ಹೋಗುತ್ತಿತ್ತು. ನಾನು ನಮ್ಮನೆಯ ಮೊದಲ ದೋಸೆ ಕದ್ದು ಹಾಲಿನ ಭಯ್ಯಾನ ಎಮ್ಮೆಗೆ ಕೊಡುತ್ತಿದ್ದೆ. ಅದು ನನ್ನ ಊರು ಕೇಳದೆ ತಿಂದು ಕೈ ನೆಕ್ಕುತ್ತಿತ್ತು. "ಅಲ್ಲೇ ಮನೆ ಮಾಡ್ಕೋ ಹೋಗು, ಎಮ್ಮೆ!" ಎಂದು ಅಮ್ಮ ಬೈದರೆ ನನಗದು ಹೆಮ್ಮೆ.

"ಎಮ್ಮೆಗಳ ಜೊತೆ ಬೆಳೆದವನು ನಾನು! ಹೊಡೆದರೆ ಜೋಕೆ!" ಎಂದು ಇವತ್ತು ಕಾರ್ಯದರ್ಶಿಯ ಮೇಲೆ ಹರಿಹಾಯ್ದೆ. ಅವರು ಕೋಲು ಇಳಿಸಿದರು. ಎಮ್ಮೆ ನನ್ನತ್ತ ಎರಡು ಹೆಜ್ಜೆ ಇಟ್ಟಿತು. ಹೇಳಲು ನಾಚಿಕೆ, ನಾನು ಕಾರ್ಯದರ್ಶಿಯ ಬೆನ್ನ ಹಿಂದೆ ಅವಿತುಕೊಂಡೆ.