ಅಕ್ಕನ ಸುಣ್ಣದ ಚುಕ್ಕಿ

ನಾನು ಬೆಸೆದ ಕೊಡದಲ್ಲಿ ತೂತು ಎಂದೂ ನನ್ನ ಕಣ್ಣಿಗೆ ಬಿದ್ದದ್ದಿಲ್ಲ. ಬೇರೆಯವರು ಬೆಸೆದದ್ದಾದರೆ ಬೀದಿಯ ಆಚೆ ಬದಿಯಿಂದಲೇ ಕಾಣುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಲ್ಲಿ ಲೆಕ್ಕ ಮುಗಿದ ಮೇಲೆ ಮೇಷ್ಟ್ರು ಸ್ಲೇಟು ಅದಲುಬದಲು ಮಾಡಿಸುತ್ತಿದ್ದರು. ನನ್ನ ಕೈಯಲ್ಲಿರುವಾಗ ಎಲ್ಲ ಸರಿ. ಪಕ್ಕದವನ ಕೈಗೆ ಹೋದೊಡನೆ ಎಲ್ಲ ತಪ್ಪು.

ಎಪ್ಪತ್ತರ ದಶಕದಲ್ಲಿ ಜಗಳೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಕೊಡ ರಿಪೇರಿ ಅಂಗಡಿಯಿತ್ತು. ಬೆಸುಗೆ ಹಾಕುವವನು ನಾನು, ಹಾಕಿದ್ದನ್ನು ನೋಡುವವಳು ಅಕ್ಕ. ಕೊಡಕ್ಕೆ ನೀರು ತುಂಬಿ ಒಣ ಬೂದಿಯ ಮೇಲೆ ಇಡುವಳು. ಬೂದಿ ನೆನೆಯದಿದ್ದರೂ ಅವಳಿಗೆ ಸಮಾಧಾನವಿಲ್ಲ. ಅದೇ ಕೊಡವನ್ನು ಸೊಂಟಕ್ಕೇರಿಸಿ ಬೇವಿನ ಮರದವರೆಗೆ ಹೋಗಿ ಬರುವಳು.

“ಏನಕ್ಕ, ಮೆರವಣಿಗೆ ಹೊಂಟೀಯಾ? ವಾಲಗದೋರ್ನ ಕರೀಲಾ?” ಎಂದು ನಾನು ಛೇಡಿಸುತ್ತಿದ್ದೆ.

“ನಿಂತ ಕೊಡ ಸೋರಲ್ಲ ಕಣೋ, ನಡೆಯೋ ಕೊಡ ಸೋರ್ತೈತೆ. ಹೆಂಗಸ್ರು ನೀರು ಹೊತ್ಕೊಂಡು ನಿಂತಿರ್ತಾರೇನು?”

ಪಾಸಾದ ಕೊಡದ ತಳಕ್ಕೆ ಕಿರುಬೆರಳಿನಿಂದ ಒಂದು ಸುಣ್ಣದ ಚುಕ್ಕಿ ಇಡುವಳು. ನೀರಿಗಾಗಿ ಹೊಲ ದಾಟಿ ನಡೆಯುವ ಸೀಮೆಯ ಹೆಂಗಸರು ನನ್ನ ಬೆಸುಗೆ ನೋಡುತ್ತಿರಲಿಲ್ಲ. ಕೊಡ ಬೋರಲು ಹಾಕಿ ಚುಕ್ಕಿ ನೋಡುತ್ತಿದ್ದರು. ನನಗೆ ಅದೇ ಉರಿ. ಬೆಂಕಿಯ ಮುಂದೆ ಬೇಯುವವನು ನಾನು, ಹೆಸರು ಮಾತ್ರ ಅವಳದು!

ಒಂದು ಸಂತೆಯ ದಿನ ಅಕ್ಕ ಊಟಕ್ಕೆ ಹೋಗಿದ್ದಳು. ಸೊಕ್ಕೆ ಊರಿನ ಹೆಂಗಸೊಬ್ಬಳು ಬಂದು, “ಬಸ್ಸು ಹೊಂಟೈತೆ, ಲಗೂನ ಕೊಡಪ್ಪ” ಎಂದಳು. ಕೊಡ ಆಗಷ್ಟೇ ಆರಿತ್ತು. ನಾನು ಸುಣ್ಣಕ್ಕೆ ಹೆಬ್ಬೆರಳು ಅದ್ದಿ ಚುಕ್ಕಿ ಒತ್ತಿ ಕೊಟ್ಟುಬಿಟ್ಟೆ.

ಮರುದಿನ ಅವಳು ಒದ್ದೆ ಸೆರಗಿನಲ್ಲೇ ಬಂದಳು. “ಏನವ್ವಾ, ನಿನ್ನ ಚುಕ್ಕಿ ನಂಬಿದ್ದಕ್ಕೆ ಅರ್ಧ ನೀರು ದಾರಿಗೆ ಕುಡಿಸ್ಕೊಂಡು ಬಂದೆ. ಇನ್ನು ನಮ್ಮೂರಾಗೆ ಯಾರು ನಿನ್ನ ನಂಬ್ತಾರೆ?” ಅಕ್ಕ ಕೊಡ ತಿರುಗಿಸಿ ನೋಡಿದಳು. ತಳದಲ್ಲಿ ಹಪ್ಪಳದಷ್ಟು ಅಗಲದ ಚುಕ್ಕಿ. ನನ್ನ ಮುಖ ನೋಡಿದಳು. “ತಪ್ಪಾಯ್ತು ತಾಯಿ” ಎಂದಳು, ಅಷ್ಟೇ. ನನ್ನಿಂದ ಮತ್ತೆ ಬೆಸುಗೆ ಹಾಕಿಸಿ, ನೀರು ತುಂಬಿ, ಸೊಂಟದ ಮೇಲೆ ಹೊತ್ತು ಬಸ್ಸಿನವರೆಗೂ ತಾನೇ ನಡೆದಳು. ಹನಿ ಬೀಳಲಿಲ್ಲ. ಆ ನೀರನ್ನು ಡ್ರೈವರು ಇಂಜಿನ್ನಿಗೆ ಹಾಕಿಕೊಂಡ. ಆದರೂ ಆ ವರ್ಷವೆಲ್ಲ ಸೊಕ್ಕೆಯ ಕಡೆಯವರು ಚುಕ್ಕಿಯಿದ್ದರೂ ತಾವೇ ನೀರು ತುಂಬಿ ನೋಡಿ ಒಯ್ದರು. ಅಕ್ಕ ಬದಿಯಲ್ಲಿ ಕೈಕಟ್ಟಿ ನಿಂತಿರುತ್ತಿದ್ದಳು.

ಈಗ ಕಂಪ್ಯೂಟರಿನ ಕೆಲಸದಲ್ಲೂ ಮಾಡುವವರು ಬೇರೆ, ಪರೀಕ್ಷೆ ಮಾಡುವವರು ಬೇರೆಯಂತೆ. ಎಡವಟ್ಟಾದರೆ ಎಲ್ಲರೂ ಮೊದಲು ಬೈಯುವುದು ಪರೀಕ್ಷೆ ಮಾಡಿದವರನ್ನೇ ಅಂತೆ. ನ್ಯಾಮತಿಯಲ್ಲಿರುವ ಅಕ್ಕನಿಗೆ ಇದನ್ನು ಹೇಳಿದೆ. “ಪಾಪ, ಅವ್ರಿಗೂ ಒಬ್ಬ ತಮ್ಮ ಇರ್ಬೇಕು” ಎಂದಳು.

ಅದೇ ನೆಪದಲ್ಲಿ ಇಲ್ಲಿಯವರೆಗೆ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಎಲೆಗೆ ಸುಣ್ಣ ಹಚ್ಚಲು ಅವಳು ಕಿರುಬೆರಳು ಅದ್ದಿದ್ದಳು. ನಾನು ಆಸೆಯಿಂದ ಹಾಳೆ ಮುಂದೆ ಹಿಡಿದೆ. ಅವಳು ಸುಣ್ಣವನ್ನು ಎಲೆಗೇ ಹಚ್ಚಿಕೊಂಡಳು.

“ಸೊಕ್ಕೆ ಹೆಂಗಸು ಬೈದಿದ್ದು ಬರ್ದೀಯ, ನಾನಂದಿದ್ದು ಬರ್ದೀಯ. ನೀನೇನಂದೆ? ಅಲ್ಲಿ ಸೋರ್ತೈತೆ ನೋಡು. ಸರಿ ಮಾಡ್ಕೊಂಡು ಬಾ.”

ಸರಿ ಮಾಡಿದ್ದೇನೆ. ಅಂದು ಅಕ್ಕ ಬಾಯಿ ತೆರೆಯುವ ಮೊದಲೇ, “ನಂಗೇನು ಗೊತ್ತಮ್ಮ, ನೋಡಿ ಚುಕ್ಕಿ ಇಟ್ಟೋಳು ನಮ್ಮಕ್ಕ” ಎಂದವನು ನಾನು.

ಹಾಳೆ ಹಿಡಿದು ಮತ್ತೆ ನ್ಯಾಮತಿಗೆ ಹೊರಟಿದ್ದೇನೆ. ಇದು ನಿಮ್ಮ ಕೈಗೆ ಬಂದಿದ್ದರೆ, ಚುಕ್ಕಿ ಬಿದ್ದಿದೆ ಎಂದು ತಿಳಿಯಿರಿ. ಈ ಸಲ ಕಿರುಬೆರಳಿನದು.