ಎದ್ದು ನಿಂತು ಬರೆದ ಕಾಗದ

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಟೈಪಿಂಗ್ ಅಂಗಡಿಯಲ್ಲಿ ನನ್ನ ಪಿಎಚ್‌.ಡಿ. ಪ್ರಬಂಧ ಟೈಪ್ ಮಾಡಿಕೊಟ್ಟವರು ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೃತಜ್ಞತೆಯ ಪುಟದಲ್ಲಿ ನಾನು ಮಾರ್ಗದರ್ಶಕರ ಬರೀ ಹೆಸರು ಬರೆದಿದ್ದೆ. ಎರಡು ವರ್ಷ ಅಲೆದಾಡಿಸಿದ್ದರೆಂಬ ಸಿಟ್ಟು. ಟೈಪ್ ಮಾಡುತ್ತಿದ್ದವರು ಕೀಲಿಮಣೆಯಿಂದ ಕೈ ತೆಗೆದರು.

"ಕುಂತು ಬರದೀರಿ ಸರ. ಎದ್ದು ನಿಂತು ಬರೀರಿ."

ಬಂದವರಿಗೆಲ್ಲ ಇದೇ ಮಾತು. 'ಪೂಜ್ಯ ಗುರುಗಳಾದ' ಎಂದು ಟೈಪ್ ಮಾಡುವಾಗ ತಾವೂ ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಗುರುಗಳ ಮೇಲೆ ಸಿಟ್ಟಿದ್ದವರಿಗೆ 'ಪೂಜ್ಯ' ತೆಗೆದು 'ಮಾನ್ಯ' ಹಾಕಿಕೊಡುತ್ತಿದ್ದರು. ಅದಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ನನಗೂ 'ಮಾನ್ಯ' ಸಿಕ್ಕಿತು.

ನಾನು ಪ್ರೂಫ್ ನೋಡುತ್ತಿದ್ದ ದಿನಗಳಲ್ಲೇ ಅವರ ಮಗಳ ಮದುವೆ ಗೊತ್ತಾಯಿತು. ತಮಗೆ ಅಕ್ಷರ ಕಲಿಸಿದ ಕಮಲಾಪುರದ ಮಾಸ್ತರರಿಗೆ ಮದುವೆಗೆ ಕರೆಯುವ ಪತ್ರ ಬರೆಯಲು ಕೂತರು. 'ಪೂಜ್ಯ'ದಿಂದ ನಮಸ್ಕಾರದ ತನಕ ಸರಸರ ಬಂತು. ಕೊನೆಯಲ್ಲಿ 'ತಮ್ಮ ವಿದ್ಯಾರ್ಥಿ' ಎಂದು ಹಾಕಿ ಅಳಿಸಿದರು. ಮತ್ತೆ ಹಾಕಿ, ಮತ್ತೆ ಅಳಿಸಿದರು.

"ಯಾಕ್ರೀ?" ಎಂದೆ.

"ಎಂಟನೇ ಕ್ಲಾಸಿನಾಗ ಹೇಳದ ಕೇಳದ ಸಾಲಿ ಬಿಟ್ಟಂವ ನಾ. ಯಾವ ಬಾಯಿಲೆ ವಿದ್ಯಾರ್ಥಿ ಅನ್ಲಿ?"

ಆ ಜಾಗ ಖಾಲಿ ಬಿಟ್ಟು, ಕೆಳಗೆ ತಮ್ಮ ಹೆಸರಷ್ಟೇ ಹಾಕಿ, ಸಂಜೆ ತಾವೇ ಒಯ್ದು ಕೊಟ್ಟರು. ಮಾಸ್ತರರು ಓದಿ ಮುಗಿಸುವ ತನಕ ಇವರು ಬಾಗಿಲಲ್ಲಿ ನಿಂತೇ ಇದ್ದರಂತೆ.

ಮರುದಿನ ಆ ಕಾಗದ ಅಂಗಡಿಯಲ್ಲಿ ಅವರ ಮೇಜಿನ ಗಾಜಿನ ಕೆಳಗಿತ್ತು. ಮಾಸ್ತರರು ಅದನ್ನು ತಿದ್ದಿ ವಾಪಸು ಕೊಟ್ಟಿದ್ದರು. ಹೆಸರಿನ ಮೇಲೆ, ಖಾಲಿ ಬಿಟ್ಟ ಜಾಗದಲ್ಲಿ, ಕೆಂಪು ಶಾಯಿಯಲ್ಲಿ ಎರಡೇ ಶಬ್ದ: 'ನನ್ನ ವಿದ್ಯಾರ್ಥಿ'.