ಮೇಷ್ಟ್ರ ಹಾಡಿನ ಎರಡನೇ ಚರಣ

ವಿಜಯನಗರದ ಆ ಸಂಜೆ ನಮ್ಮ ಮೇಷ್ಟ್ರ ಹಾಡನ್ನು ಪೂರ್ತಿ ಹಾಡಿದೆವೋ, ಅರ್ಧಕ್ಕೇ ನಿಲ್ಲಿಸಿದೆವೋ ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಪೂರ್ತಿ ಹಾಡಿದೆವು ಎಂದೇ ನನ್ನ ನೆನಪು ಹೇಳುತ್ತಿತ್ತು. ಆದರೆ ಅಂದು ವೇದಿಕೆಯ ಹಿಂದೆ ದೊಡ್ಡದೊಂದು ಆಲದ ಮರವಿತ್ತು ಎಂದು ಹೇಳುವುದೂ ಇದೇ ನೆನಪು. ಆ ಮೈದಾನದಲ್ಲಿ ಯಾವತ್ತೂ ಆಲದ ಮರ ಇರಲಿಲ್ಲವೆಂದು ಅಲ್ಲೇ ಹುಟ್ಟಿ ಬೆಳೆದವರು ನನ್ನ ಮುಖ ನೋಡಿ ನಕ್ಕಿದ್ದಾರೆ. ಇಡೀ ಮರವನ್ನೇ ನೆಟ್ಟುಬಿಡುವ ನೆನಪಿಗೆ ಹಾಡಿಗೊಂದು ಚರಣ ಸೇರಿಸುವುದು ಏನು ಮಹಾ?

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಕೆಂಗೇರಿ ದಾರಿಯ ಹೊಸ ಕ್ಯಾಂಪಸ್ಸಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ಅದಕ್ಕೆ ಮುಂಚೆ ಭೌತಶಾಸ್ತ್ರಕ್ಕೆ ಸೇರಿ ಬಿಟ್ಟಿದ್ದೆ. ಒಂದು ಕಡೆ ಕೂತಿರುವುದು ನನ್ನಿಂದ ಆಗುತ್ತಿರಲಿಲ್ಲ. ಸಂಜೆ ಬಸ್ಸಿಳಿದು ರಾಜಾಜಿನಗರಕ್ಕೆ ಬಂದರೆ ಒಂದು ಆರ್ಕೆಸ್ಟ್ರಾದ ನಿರೂಪಕ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ನಮಗೆ ಬಿಡುವಿರುತ್ತಿರಲಿಲ್ಲ. ಬೀದಿಗೊಂದು ಪೆಂಡಾಲು, ಪೆಂಡಾಲಿಗೊಂದು ಕಾರ್ಯಕ್ರಮ.

ತಂಡ ಕಟ್ಟಿದ್ದು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಹಗಲು ಹೈಸ್ಕೂಲಿನಲ್ಲಿ ಮಕ್ಕಳಿಗೆ ಹೂಜಿಯ ನೆರಳು ಬಿಡಿಸಲು ಕಲಿಸುತ್ತಿದ್ದರು, ಸಂಜೆ ಮ್ಯಾಂಡೊಲಿನ್ ನುಡಿಸುತ್ತಿದ್ದರು. ಮುಖ್ಯ ಗಾಯಕಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದವರು, ನಮಗೆಲ್ಲ ಅಕ್ಕ. ಬೊಂಗೋ ಬಾರಿಸುವವನು ನನ್ನ ವಯಸ್ಸಿನವನು, ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕೆಲಸಕ್ಕಿದ್ದ. ತಬಲ, ಅಕಾರ್ಡಿಯನ್ ನುಡಿಸುವವರು ಬದಲಾಗುತ್ತಲೇ ಇದ್ದರು.

ಆರ್ಕೆಸ್ಟ್ರಾ ಕೇಳಲು ಬರುವವರಿಗೆ ಬೇಕಾದದ್ದು ಗೊತ್ತಿರುವ ಹಾಡು. ರೇಡಿಯೋದಲ್ಲಿ ಕೇಳಿ ಬಾಯಿಪಾಠವಾದ ಸಿನಿಮಾ ಹಾಡನ್ನು ಎದುರಿಗೆ ನಿಂತು ಯಾರೋ ಹಾಡಬೇಕು, ಅಷ್ಟೆ. ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. ಈ ಚೀಟಿಗಳ ನಡುವೆ ಮೇಷ್ಟ್ರು ತಾವೇ ಬರೆದು ರಾಗ ಹಾಕಿದ ಹಾಡೊಂದನ್ನು ತೂರಿಸುತ್ತಿದ್ದರು. ‘ಬೀಸು ಬಾ ಗಾಳಿಯೆ, ಈ ಬೀದಿಗೂ ಒಮ್ಮೆ’ ಎಂದು ಅದರ ಪಲ್ಲವಿ. ತುಂಬಾ ಬೇಡಿಕೆಯಿರುವ ಹಾಡು ಮುಗಿದು ಚಪ್ಪಾಳೆ ಅಡಗುವ ಮೊದಲೇ ಅದನ್ನು ಎತ್ತಿಕೊಳ್ಳಬೇಕು. ನಾನು ಏನೂ ಹೇಳಬಾರದು. ಜನ ಎದ್ದು ಹೊರಟರೆ ಮೇಷ್ಟ್ರು ಮ್ಯಾಂಡೊಲಿನ್ನಿನ ಕತ್ತನ್ನು ಸ್ವಲ್ಪ ಮೇಲಕ್ಕೆತ್ತುತ್ತಾರೆ. ಎತ್ತಿದರೆ ಎರಡನೇ ಚರಣ ಕೈಬಿಟ್ಟು ಪಲ್ಲವಿಗೆ ಬಂದು ಮುಗಿಸಿಬಿಡಬೇಕು.

ಅವರು ಪ್ರತಿ ಸಲವೂ ಎತ್ತುತ್ತಿದ್ದರು. ಕಬ್ಬಿಣದ ಮಡಚುವ ಕುರ್ಚಿಗಳು ಕಿರ್ರೆನ್ನಲು ಶುರುವಾದರೆ ವೇದಿಕೆಯ ಮೇಲಿರುವವರಿಗೆ ಬೇರೇನೂ ಕೇಳಿಸುವುದಿಲ್ಲ.

ಕುರುಬರಹಳ್ಳಿಯ ಪೆಂಡಾಲಿನಲ್ಲಿ ಹೀಗೇ ಆದಾಗ ನಾನು ಸುಮ್ಮನಿರಲಾಗದೆ ಕೇಳಿದೆ. “ಮೇಷ್ಟ್ರೇ, ಜನಕ್ಕೆ ಬೇಡದ ಹಾಡನ್ನ ಯಾಕೆ ಹಾಕ್ತೀರಾ?”

“ಬೇಡ ಅಂತ ಯಾರು ಹೇಳಿದ್ದು?”

“ಎದ್ದು ಹೋದ್ರಲ್ಲ.”

“ಕಡ್ಲೇಕಾಯಿ ತರೋಕೆ ಹೋದ್ರು. ವಾಪಸ್ ಬಂದು ಕೂತ್ರಲ್ಲ, ಅದನ್ನ ಹಿಡಿದ್ಯೇನೋ ನಿನ್ ಸ್ಟ್ಯಾಟಿಸ್ಟಿಕ್ಸಲ್ಲಿ?”

ಅಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾ, “ಅವನು ಎಮ್ಮೆಸ್ಸಿ ಮೇಷ್ಟ್ರೇ, ಹೋಗೋರನ್ನ ಮಾತ್ರ ಎಣಿಸೋದು ಕಲಿಸಿದಾರೆ” ಎಂದರು.

ಮೇಷ್ಟ್ರು ನಗಲಿಲ್ಲ. “ನೋಡೋ, ರೆಕಾರ್ಡ್ ಆಗ್ಬಿಟ್ರೆ ಇಂಕ್ ಹಾಕ್ದಂಗೆ. ಈಗಿನ್ನೂ ಪೆನ್ಸಿಲ್ಲಲ್ಲಿದೆ. ಜನದ ಮುಂದೆ ಹಿಡಿದ್ರೇನೇ ಎಲ್ಲಿ ಅಳಿಸ್ಬೇಕು ಅಂತ ಕಾಣೋದು” ಎಂದರು.

ಈ ಮಾತನ್ನು ನಾನು ಆಗ ಪೂರ್ತಿ ಒಪ್ಪಲಿಲ್ಲ, ಈಗಲೂ ಅರ್ಧವೇ ಒಪ್ಪುತ್ತೇನೆ. ತಿದ್ದುವುದಕ್ಕೆಂದು ಅವರು ಹಾಡನ್ನು ಜನರ ಮುಂದೆ ಇಡುತ್ತಿದ್ದುದು ನಿಜ. ಕುರುಬರಹಳ್ಳಿಯಲ್ಲಿ ಎಳೆದಂತಿದ್ದ ಪಲ್ಲವಿ ಬಸವೇಶ್ವರನಗರಕ್ಕೆ ಬರುವಷ್ಟರಲ್ಲಿ ಚುರುಕಾಗಿತ್ತು. ಆದರೆ ಎರಡನೇ ಚರಣ ಕೈಬಿಡುತ್ತಿದ್ದುದು ತಿದ್ದುವುದಕ್ಕಲ್ಲ. ಗೊತ್ತಿರುವ ಹಾಡಿಗೆ ಚಪ್ಪಾಳೆ ಬೀಳದಿದ್ದರೆ ತಪ್ಪು ಹಾಡಿದವರದು, ಮುಂದಿನ ಹಾಡಿನಲ್ಲಿ ಸರಿಮಾಡಿಕೊಳ್ಳಬಹುದು. ಮೊದಲು ಯಾರೂ ಕೇಳಿರದ ಹಾಡಿಗೆ ಚಪ್ಪಾಳೆ ಬಿದ್ದರೂ, ಬೀಳದಿದ್ದರೂ ಅದು ಕಟ್ಟಿದವನ ಎದೆಗೇ ನಾಟುತ್ತದೆ. ಆಮೇಲೆ ಎಷ್ಟೋ ಸಂಗೀತಗಾರರನ್ನು ನೋಡಿದ್ದೇನೆ. ಹೊಸ ಹಾಡನ್ನು ಕಛೇರಿಗೆ ತರುವುದೂ, ತಂದದ್ದನ್ನು ನುಡಿಸದೆ ವಾಪಸ್ಸು ಒಯ್ಯುವುದೂ ಇದೊಂದೇ ಕಾರಣಕ್ಕೆ. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಉಪಾಯ ಹೇಳಿದವನು ಬೊಂಗೋದವನು. “ಗುರು, ಮುಂದಿನ ಸಲ ‘ಸದ್ಯದಲ್ಲೇ ತೆರೆಗೆ ಬರಲಿರೋ ಚಿತ್ರದ್ದು’ ಅಂತ ಒಂದ್ ಮಾತು ಬಿಡು. ಆಮೇಲೆ ಮಜಾ ನೋಡು.”

“ಯಾವ ಚಿತ್ರ ಅಂತ ಕೇಳಿದ್ರೆ?”

“ಹೆಸರಿನ್ನೂ ಇಟ್ಟಿಲ್ಲ ಅನ್ನು ಮಗಾ. ಅರ್ಧ ಪಿಕ್ಚರ್‌ಗಳಿಗೆ ಇಟ್ಟಿರಲ್ಲ.”

ಬೇರೆ ತಂಡದವರೂ ಹೀಗೆ ಮಾಡುತ್ತಿದ್ದರು, ಇದೇನು ಹೊಸ ವಿದ್ಯೆಯಲ್ಲ. ಮೇಷ್ಟ್ರು ಒಂದು ವಾರ ಯೋಚಿಸಿ ಹೂಂ ಅಂದರು. ಆದರೆ ಒಂದು ಷರತ್ತು ಹಾಕಿದರು. “ಸಿನಿಮಾ ಹೆಸರಲ್ಲಿ ಒಂದೇ ಚರಣ. ಎರಡನೇದು ಹಾಡಕೂಡದು. ಅದಾದ್ರೂ ನಂದಾಗೇ ಇರ್ಲಿ.”

ಬಸವೇಶ್ವರನಗರದಲ್ಲಿ ನಾನು ಆ ಮಾತು ಬಿಟ್ಟೆ. ಒಂದು ಕುರ್ಚಿಯೂ ಕಿರ್ರೆನ್ನಲಿಲ್ಲ. ಅದೇ ಪದ, ಅದೇ ರಾಗ, ಅದೇ ಅಕ್ಕ. ಮುಗಿದ ಮೇಲೆ ‘ಒನ್ಸ್ ಮೋರ್’ ಕೂಗಿದರು. ಮುಂದಿನ ಕಾರ್ಯಕ್ರಮಗಳಲ್ಲಿ ‘ಹೊಸ ಪಿಕ್ಚರಿನ ಗಾಳಿ ಹಾಡು’ ಎಂದು ಚೀಟಿ ಬರತೊಡಗಿತು. ಮೇಷ್ಟ್ರು ಮೊದಮೊದಲು ಹಿಗ್ಗಿದರು. ಆಮೇಲೆ ಚೀಟಿ ಬಂದಾಗಲೆಲ್ಲ ಅವರು ಮ್ಯಾಂಡೊಲಿನ್ನಿನ ತಂತಿ ಬಿಗಿಮಾಡುವ ನೆಪದಲ್ಲಿ ತಲೆ ತಗ್ಗಿಸುವುದನ್ನು ನಾನು ಗಮನಿಸಿದೆ. ಒಂದು ದಿನ ಅವರ ಶಾಲೆಯ ಹುಡುಗನ ತಂದೆಯೊಬ್ಬರು ದಾರಿಯಲ್ಲಿ ನಿಲ್ಲಿಸಿ, “ಸಾರ್, ಆ ಹಾಡು ಮಾಡಿರೋ ಮ್ಯೂಸಿಕ್ ಡೈರೆಕ್ಟರ್ ಯಾರು ಸಾರ್? ಏನ್ ಮಾಡಿದಾರೆ!” ಎಂದು ಕೇಳಿದರಂತೆ. ಮೇಷ್ಟ್ರು ಗೊತ್ತಿಲ್ಲ ಅಂದರಂತೆ. ಇದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ವಸ್ತು ಯಾರದೋ ಕೈಯಲ್ಲಿ ಕಂಡು, ನಂದು ಎಂದು ಹೇಳಲಾಗದವರ ಮುಖ ಅದು.

ಆ ಹೊತ್ತಿಗೆ ಗ್ರಾಮಫೋನ್ ರೆಕಾರ್ಡು ತಯಾರಿಸುವ ಕಂಪನಿಯೊಂದರ ಪರವಾಗಿ ಹೊಸ ಹಾಡು ಹುಡುಕುತ್ತಿದ್ದ ಒಬ್ಬರ ಪರಿಚಯ ಅಕ್ಕನಿಗಾಯಿತು. ಅವರು ಹೇಳಿದ್ದು ಸರಳ. ಸಿನಿಮಾದವರ ಹಾಡನ್ನು ಅವರು ಮುಟ್ಟುವ ಹಾಗಿಲ್ಲ. ಮೇಷ್ಟ್ರ ಸ್ವಂತದ್ದಾದರೆ, ಸ್ವಂತದ್ದೆಂದು ಗೊತ್ತಿದ್ದೂ ಜನ ಕೂತು ಕೇಳುವುದಾದರೆ, ಮಾತಾಡಬಹುದು. ವಿಜಯನಗರದ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ತಾವೇ ಬಂದು ಕೂರುತ್ತೇನೆ ಎಂದರು.

ಅಂದು ವೇದಿಕೆಯ ಹಿಂದೆ, ಮರವಿತ್ತೋ ಇಲ್ಲವೋ, ಜಗಳವಂತೂ ಆಯಿತು.

ಬೊಂಗೋದವನು, “ಮೇಷ್ಟ್ರೇ, ಸಿನಿಮಾದ್ದು ಅಂತಾನೇ ಹೇಳೋಣ. ಜನ ಕೂತ್ಕೋತಾರೆ. ಆಮೇಲೆ ಆ ಯಪ್ಪಂಗೆ ಕಿವೀಲಿ ನಿಜ ಹೇಳಿದ್ರಾಯ್ತು” ಎಂದ.

“ಕಿವೀಲಿ ಹೇಳೋಕೆ ಅದೇನು ಕದ್ದಿರೋ ಹಾಡೇನೋ?” ಎಂದು ಅಕ್ಕ ಗದರಿದರು.

“ಅಕ್ಕಾ, ನಿಜ ಹೇಳಿದ್ರೆ ಇಷ್ಟು ದಿನ ಸುಳ್ಳು ಹೇಳಿದ್ರಾ ಅಂತ ಕಲ್ಲು ಬೀಳುತ್ತೆ. ಬೊಂಗೋ ಹರಿದ್ರೆ ನೀವು ಹೊಲಿದ್ಕೊಡ್ತೀರಾ?”

ಮೇಷ್ಟ್ರು ಮ್ಯಾಂಡೊಲಿನ್ ಎತ್ತಿಕೊಂಡು ವೇದಿಕೆ ಹತ್ತಿದರು. ಕಾರ್ಯಕ್ರಮ ಶುರುವಾಗಿ, ನಡುವೆ ‘ಗಾಳಿ ಹಾಡು’ ಎಂಬ ಚೀಟಿಯೂ ಬಂತು. ನಾನದನ್ನು ಓದಲು ಬಾಯಿ ತೆರೆಯುತ್ತಿದ್ದಂತೆ ಅವರು ಎದ್ದು ಬಂದು, “ಇಲ್ಲಿ ಕೊಡೋ ಮೈಕು” ಎಂದರು.

“ಈಗ ಬರೋ ಹಾಡು ಯಾವ ಸಿನಿಮಾದ್ದೂ ಅಲ್ಲ. ಇಷ್ಟು ದಿನ ಹಾಗೆ ಹೇಳ್ಕೊಂಡ್ ಬಂದ್ವಿ, ತಪ್ಪಾಯ್ತು. ಬರೆದಿದ್ದೂ ನಾನು, ಕಟ್ಟಿದ್ದೂ ನಾನು. ಇಷ್ಟ ಇದ್ರೆ ಕೂತ್ಕೊಳಿ.”

ಹಿಂದಿನಿಂದ ಯಾರೋ, “ಹಂಗಾದ್ರೆ ಪಿಕ್ಚರೇ ಇಲ್ವಾ ಸಾರ್?” ಎಂದು ಕೂಗಿದರು. ಇನ್ನೊಬ್ಬರು, “ಟಿಕೆಟ್ ದುಡ್ಡು ಉಳೀತು ಕೂತ್ಕೊಳೋ!” ಎಂದರು. ನಗು ಎದ್ದಿತು. ಕಲ್ಲು ಬೀಳಲಿಲ್ಲ. ಅಕ್ಕ ಪಲ್ಲವಿ ಎತ್ತಿಕೊಂಡರು.

ಇಲ್ಲಿಯವರೆಗೆ ನಾವು ಮೂವರೂ ಒಂದೇ ಕಥೆ ಹೇಳುತ್ತೇವೆ. ಮೊದಲ ಚರಣ ನಡೆಯುವಾಗ ಕುರ್ಚಿಗಳ ಸದ್ದು ಶುರುವಾಯಿತು, ಅದನ್ನೂ ಒಪ್ಪುತ್ತೇವೆ. ನಾನು ಮ್ಯಾಂಡೊಲಿನ್ನಿನ ಕತ್ತನ್ನೇ ನೋಡುತ್ತಿದ್ದೆ. ಅದು ಏಳಲಿಲ್ಲ, ಎರಡನೇ ಚರಣ ಬಂತು, ಇದು ನನ್ನ ನೆನಪು. ಹಾಡಿದ ಅಕ್ಕನೇ ಇದಕ್ಕೆ ಒಪ್ಪುವುದಿಲ್ಲ. “ಎತ್ತಿದ್ರು ಕಣೋ. ಯಾವತ್ತೂ ಎತ್ತೋರು, ಅವತ್ತೂ ಎತ್ತಿದ್ರು. ನಾನು ಕಟ್ ಮಾಡ್ದೆ.” ಬೊಂಗೋದವನಿಗೆ ನೆನಪಿರುವುದು ರೆಕಾರ್ಡಿನವರು ಎದ್ದು ಹೋದದ್ದು ಮಾತ್ರ. ಬಾರಿಸುತ್ತಾ ಅವನು ಅವರನ್ನೇ ನೋಡುತ್ತಿದ್ದನಂತೆ. ಅವರು ಹಾಡು ಮುಗಿಯುವ ಮೊದಲೇ ಹೋದರು, ಮತ್ತೆ ಬರಲಿಲ್ಲ. ರೆಕಾರ್ಡೂ ಆಗಲಿಲ್ಲ.

ಆಮೇಲೂ ಮೇಷ್ಟ್ರು ಕೆಲವು ವರ್ಷ ತಂಡ ನಡೆಸಿದರು. ಗಾಳಿ ಹಾಡನ್ನು ಮಾತ್ರ ಮತ್ತೆ ಹಾಕಲಿಲ್ಲ. ಚೀಟಿ ಬಂದರೂ ಹಾಕಲಿಲ್ಲ. ಅವರಿದ್ದಾಗ ನಾನು ಕೇಳಲಿಲ್ಲ, ಈಗ ಅವರಿಲ್ಲ. ಅಕ್ಕ ಹೇಳುವುದು ನಿಜವಾದರೆ, ನನ್ನದು ಎಂದು ಬಾಯಲ್ಲಿ ಹೇಳಿದ ಮನುಷ್ಯ ಕುರ್ಚಿಯ ಸದ್ದಿಗೆ ಹೆದರಿ ಹಿಂದೆ ಸರಿದರು, ಆ ಸೋಲಿಗೇ ಹಾಡನ್ನು ಬಿಟ್ಟರು. ನನ್ನ ನೆನಪು ನಿಜವಾದರೆ, ಎದ್ದು ಹೋಗುವವರ ಎದುರಿಗೇ ತಮ್ಮ ಹಾಡನ್ನು ಕೊನೆಯವರೆಗೆ ತಮ್ಮದಾಗಿಯೇ ಹಾಡಿಸಿದರು, ಇನ್ನು ಪರೀಕ್ಷೆ ಬೇಡವೆಂದು ನಿಲ್ಲಿಸಿದರು. ಇವೆರಡೂ ಒಬ್ಬನೇ ಮನುಷ್ಯನ ಕಥೆಯಲ್ಲ. ಅದಕ್ಕೇ ಇದು ನನ್ನನ್ನು ಅಷ್ಟು ವರ್ಷ ಕಾಡಿದ್ದು.

ನಿವೃತ್ತಿಯಾದ ಮೇಲೆ ಬ್ಯಾಡರಹಳ್ಳಿಯಲ್ಲಿ ಮನೆ ಮಾಡಿದೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ತಾರಸಿಯಲ್ಲಿ ಬಟ್ಟೆ ಹರವುತ್ತಾ ಏನೋ ಗುನುಗುತ್ತಿದ್ದರು. ‘ಹರವಿದ ಅಂಗಿಯ ತೋಳಿಗೂ ಯಾರನೋ ಕರೆವಾಸೆ.’ ನಾನು ನಮ್ಮ ತಾರಸಿಯ ಅಂಚಿಗೆ ಹೋಗಿ ನಿಂತೆ.

“ಈ ಹಾಡು ಎಲ್ಲಿ ಕೇಳಿದ್ದಮ್ಮ?”

“ಅಯ್ಯೋ, ಕೇಳಿಸ್ತಾ ಅಂಕಲ್?” ಎಂದು ಅವರು ನಾಚಿಕೊಂಡರು. “ಚಿಕ್ಕೋಳಿದ್ದಾಗ ವಿಜಯನಗರದಲ್ಲಿ ಆರ್ಕೆಸ್ಟ್ರಾ ನೋಡಿದ್ವಿ. ಒಬ್ಬರು ಇದು ಸಿನಿಮಾದ್ದಲ್ಲ, ನಂದೇ ಅಂತ ಹೇಳಿ ಹಾಡಿಸಿದ್ರು. ನಮ್ಮಮ್ಮ ಬಟ್ಟೆ ಒಣಗಾಕುವಾಗೆಲ್ಲ ಈ ಸಾಲು ಹೇಳೋರು, ಅಂಗಿ ಕರೀತಿದೆ ನೋಡು ಅಂತ. ನಂಗೂ ಬಾಯಿಗೆ ಅಂಟ್ಕೊಂಡ್‌ಬಿಡ್ತು.”

ನಾನು ಬಿಡಲಿಲ್ಲ. ನಮ್ಮ ತಂಡದವರು ಯಾರಾದರೂ ಗೊತ್ತೇ? ಗೊತ್ತಿಲ್ಲ. ರಾಜಾಜಿನಗರದಲ್ಲಿ ನಮ್ಮ ಅಭ್ಯಾಸ ನಡೆಯುತ್ತಿದ್ದ ಬೀದಿಯಲ್ಲಿ ನೆಂಟರಿದ್ದರೇ? ಇಲ್ಲ, ನೆಂಟರೆಲ್ಲ ಮಾಗಡಿ ಕಡೆಯವರು. ಬೇರೆ ಯಾವ ಊರಿನಲ್ಲಾದರೂ, ಬೇರೆ ಯಾರ ಬಾಯಲ್ಲಾದರೂ ಕೇಳಿದ್ದುಂಟೇ? “ಇಲ್ಲ ಅಂಕಲ್, ಅದೊಂದೇ ಸಲ. ಯಾಕೆ, ಪೊಲೀಸ್‌ನವರು ಕೇಳ್ದಂಗೆ ಕೇಳ್ತಿದೀರಲ್ಲ?” ಎಂದು ಅವರು ನಕ್ಕರು. ಮುಂದಿನ ಸಾಲು ಹೇಳಿ ಎಂದೆ. ಒಂದು ಪದ ತಪ್ಪಿ, ಉಳಿದದ್ದು ಸರಿಯಾಗಿ ಹೇಳಿದರು.

ಅಕ್ಕನಿಗೆ ಫೋನ್ ಮಾಡಿದೆ. ಅವರು ಆ ಸಾಲನ್ನು ಒಮ್ಮೆ ಗುನುಗಿ ನೋಡಿ, “ಹಾಗಾದ್ರೆ ಹಾಡಿದೀನಿ ಬಿಡು” ಎಂದರು.

ಅಂಗಿಯ ತೋಳಿನ ಸಾಲು ಇರುವುದು ಎರಡನೇ ಚರಣದಲ್ಲಿ. ಆ ಚರಣವನ್ನು ಬೇರೆ ಯಾವ ಕಾರ್ಯಕ್ರಮದಲ್ಲೂ ನಾವು ಹಾಡಿರಲಿಲ್ಲ. ವಿಜಯನಗರದಲ್ಲಿ ಹಾಡಿದೆವು.